ಹೊಡೆದು ಹಾಕಿದ ಸಾಲು

ಕಂಚು ಅನ್ನುವವನ ಮುಖ ಊರಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ, ಸ್ವರ ಗೊತ್ತಿಲ್ಲದವರೇ ಇರಲಿಲ್ಲ. ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ" ಅನ್ನುವವನು ಅವನೇ. ಸಾಬೂನಿನ ಜಾಹೀರಾತಿನಲ್ಲಿ ನೊರೆ ಉಕ್ಕುವಾಗ ಹಿಂದಿನಿಂದ ಮೆಲ್ಲಗೆ ಮಾತಾಡುವವನೂ ಅವನೇ. ಯಾರಿಗೋ ಫೋನ್ ಮಾಡಿ ಅದು ಹತ್ತದೇ ಹೋದರೆ, "ನೀವು ಕರೆ ಮಾಡಿದವರು ಸದ್ಯಕ್ಕೆ ಸಿಗುತ್ತಿಲ್ಲ" ಎಂದು ಸಮಾಧಾನ ಮಾಡುವವನೂ ಅವನೇ. ಕಂಚಿನ ಕಂಠ ಎಂದು ಯಾರೋ ಒಮ್ಮೆ ಹೊಗಳಿದ್ದು ಬಾಯಿಂದ ಬಾಯಿಗೆ ಸವೆದು ಬರೀ ಕಂಚು ಆಗಿ ಉಳಿದಿತ್ತು.

ಆದರೆ ಆ ಕಂಠಕ್ಕೆ ಎದುರಿಗೊಂದು ಕಾಗದ ಬೇಕು. ಬರೆದದ್ದು ಇದ್ದರೆ ಕಂಚು ನೀರು ಹರಿದ ಹಾಗೆ ಓದುತ್ತಾನೆ. ಕಾಗದ ಕಿತ್ತುಕೊಂಡು, ನಿನ್ನ ಮನಸ್ಸಿನಲ್ಲಿರೋದು ಹೇಳಪ್ಪಾ ಅನ್ನಿ, ಮೊದಲ ಅಕ್ಷರಕ್ಕೇ ನಾಲಿಗೆ ಮುಷ್ಕರ ಹೂಡುತ್ತದೆ. ಹುಟ್ಟಿದಾಗಿನಿಂದ ಉಗ್ಗು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದ ಅವಳು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕತ್ತರಿಯ ಹಿಡಿಯಿಂದ ಹೊಲಿಗೆ ಯಂತ್ರದ ಹಲಗೆಯನ್ನು ಟಕ್ ಟಕ್ ಎಂದು ತಟ್ಟುತ್ತ, ತಟ್ಟಿಗೊಂದು ಮಾತಿನಂತೆ ಹಳೇ ಪತ್ರಿಕೆ ಓದಿಸುತ್ತಿದ್ದಳು. ಹಾಗೆ ಓದೇನೋ ಕೈಗೆ ಬಂತು, ಮಾತು ಮಾತ್ರ ಬರಲಿಲ್ಲ. ಅಂದಿನಿಂದ ಇಂದಿನವರೆಗೆ ಕಂಚು ಎಲ್ಲವನ್ನೂ ಬರೆದುಕೊಂಡೇ ಮಾತಾಡುವವನು. ಮನೆ ಮಾಲೀಕನಿಗೆ ಹೇಳಬೇಕಾದದ್ದು, ವೈದ್ಯರಿಗೆ ಹೇಳಬೇಕಾದದ್ದು, ಕೊನೆಗೆ ಅಕ್ಕನಿಗೆ ಫೋನಿನಲ್ಲಿ ಹೇಳಬೇಕಾದ ಕ್ಷೇಮ ಸಮಾಚಾರ ಕೂಡ, ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಗೀಚಿಕೊಂಡು ಓದುತ್ತಿದ್ದ.

ಒಂದು ಹೊಸ ಸಾಂಕ್ರಾಮಿಕ ಜ್ವರ ಊರಿಗೆ ಕಾಲಿಟ್ಟ ಮೇಲೆ ಅವನಿಗೆ ಕೈತುಂಬ ಕೆಲಸ. ಬೆಳಗ್ಗೆ ಆರೋಗ್ಯ ಇಲಾಖೆಯ ಕಚೇರಿ, ಮಧ್ಯಾಹ್ನದ ಮೇಲೆ ಟೀವಿ ಚಾನೆಲ್.

ಬೆಳಗಿನ ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು, ಫ್ಯಾನ್ ಹಾಕುವ ಹಾಗಿರಲಿಲ್ಲ. ಅಲ್ಲಿ ಕೂತು ಕಂಚು ಓದುತ್ತಿದ್ದದ್ದು ಹೀಗೆ: "ಆತಂಕ ಬೇಡ. ಜ್ವರ ಕಾಣಿಸಿಕೊಂಡರೆ ಮನೆಯಲ್ಲೇ ವಿಶ್ರಾಂತಿ ಪಡೆಯಿರಿ. ವದಂತಿಗಳಿಗೆ ಕಿವಿಗೊಡಬೇಡಿ. ನಿಮ್ಮೊಂದಿಗೆ ನಾವಿದ್ದೇವೆ." ಇದು ಪೆನ್‌ಡ್ರೈವಿಗೆ ಇಳಿದು, ಧ್ವನಿವರ್ಧಕ ಕಟ್ಟಿದ ಗಾಡಿಗಳಲ್ಲಿ ಬೀದಿ ಬೀದಿ ಸುತ್ತುತ್ತಿತ್ತು.

ಸಂಜೆಯ ಕೋಣೆ ತಣ್ಣಗಿತ್ತು. ಅಲ್ಲಿ ಓದುತ್ತಿದ್ದದ್ದು ಹೀಗೆ: "ಎಚ್ಚರ! ಆಸ್ಪತ್ರೆಯ ಒಳಗೆ ಹೋದವರು ಹೊರಗೆ ಬಂದದ್ದು ಹೇಗೆ? ನೋಡಿದರೆ ನಿಮ್ಮ ಎದೆ ಒಡೆಯುತ್ತದೆ!" ಹಿಂದೆಯೇ ಢಂ ಎಂದು ಒಂದು ಸದ್ದು.

"ಕಂಚು ಅವ್ರೇ, ಇನ್ನೂ ಸ್ವಲ್ಪ ಹೆದರಿಸಿ," ಎನ್ನುತ್ತಿದ್ದಳು ಅಲ್ಲಿನ ಸಂಪಾದಕಿ. "ಇದು ಒಳ್ಳೆ ಮದುವೆಗೆ ಕರೆಯೋ ಥರಾ ಇದೆ. ಹೆದರಿದ ಜನ ಚಾನೆಲ್ ಬದಲಾಯಿಸಲ್ಲ, ತಿಳ್ಕೊಳ್ಳಿ."

ಒಬ್ಬರಿಗೆ ಜನ ಹೆದರಕೂಡದು, ಇನ್ನೊಬ್ಬರಿಗೆ ಜನ ಹೆದರಲೇಬೇಕು. ಜನ ಬದುಕಬೇಕು ಅನ್ನುವವರು ಯಾರು ಎಂದು ಮಾತ್ರ ಕೇಳಬೇಡಿ. ಇಬ್ಬರಿಗೂ ಗಂಟಲು ಒಂದೇ, ಇಬ್ಬರಿಗೂ ಅದರ ಬಗ್ಗೆ ಗೊತ್ತಿತ್ತು, ಇಬ್ಬರಿಗೂ ಅದರಲ್ಲಿ ಏನೂ ತಪ್ಪು ಕಾಣಿಸಲಿಲ್ಲ. ಕಂಚಿಗೂ ಕಾಣಿಸಲಿಲ್ಲ ಎಂದೇ ಹೇಳಬೇಕು. ಬರೆದವರು ಯಾರೋ, ಓದುವವನು ನಾನು ಎಂದುಕೊಂಡು ಮನೆಗೆ ಹೋಗಿ ಮಲಗುತ್ತಿದ್ದ.

ಒಂದು ಬೆಳಗ್ಗೆ ಇಲಾಖೆಯ ಪ್ರಚಾರ ಅಧಿಕಾರಿ ಹೊಸ ಪ್ರಕಟಣೆ ತಂದುಕೊಟ್ಟರು. ಅದರಲ್ಲಿ ಜ್ವರದ ಸಾಲಿನ ಕೆಳಗೆ ಇನ್ನೊಂದು ಸಾಲು ಇತ್ತು: "ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ." ಅದರ ಮೇಲೆ ನೀಲಿ ಪೆನ್ನಿನಲ್ಲಿ ಗೀಟು ಹೊಡೆದಿತ್ತು. ಅಧಿಕಾರಿ ಕೆಟ್ಟವರಲ್ಲ, ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು, ಪಾಪ.

"ಸಾರ್, ಈ ಸಾ… ಸಾ… ಸಾಲು…" ಎಂದು ಕಂಚು ಬೆರಳಿಟ್ಟ.

"ಹಾಸಿಗೆ ಇಲ್ಲ ಕಣ್ರೀ. ಉಸಿರು ಕಟ್ಟಿದೋರೆಲ್ಲ ಒಟ್ಟಿಗೆ ನುಗ್ಗಿದ್ರೆ ನಮ್ಮ ತಲೆ ಮೇಲೆ ಮಲಗಿಸ್ಕೊಳ್ಳೋಣ್ವಾ? ಮೇಲಿಂದ ಮಾತು ಬಂದಿದೆ. ಹಾಸಿಗೆ ಬಂದ ಮೇಲೆ ಆ ಸಾಲೂ ಹಾಕೋಣ. ನೀವು ಓದಿ."

ಕಂಚಿಗೆ ಕೇಳಬೇಕಾದದ್ದು ಇನ್ನೂ ಇತ್ತು. ಆದರೆ ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಓದಿದ. ಅಧಿಕಾರಿ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು, "ಆಹಾ, ಕೇಳಿದ್ರೇ ಜ್ವರ ಇಳಿಯುತ್ತೆ," ಎಂದು ಬೆನ್ನು ತಟ್ಟಿದರು.

ಕೆಲವು ದಿನ ಕಳೆದವು. ಊರಿನ ಇನ್ನೊಂದು ಕೊನೆಯಿಂದ ಭಾವನ ಫೋನ್ ಬಂತು. ಭಾವ ಗಡಿಯಾರ ರಿಪೇರಿ ಮಾಡುವವನು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಮುಚ್ಚಿಸಿದ ಮೇಲೆ ಟೀವಿ ಎದುರು ಕೂತು ಎಲ್ಲರನ್ನೂ ಬೈಯುವುದೇ ಅವನ ಉದ್ಯೋಗವಾಗಿತ್ತು.

"ನಿಮ್ಮಕ್ಕಂಗೆ ಸ್ವಲ್ಪ ಜ್ವರ ಕಣಯ್ಯಾ. ಗಾಬರಿ ಆಗ್ಬೇಡ. ನೀನೇ ಹೇಳ್ತಿದೀಯಲ್ಲ, ಆತಂಕ ಬೇಡ ಅಂತ!" ಎಂದು ನಕ್ಕು ಫೋನನ್ನು ಅವಳ ಕೈಗೆ ಕೊಟ್ಟ.

"ಪುಟ್ಟಾ… ಊಟ… ಆಯ್ತಾ?"

ಅಷ್ಟೇ. ಕಂಚು ಫೋನನ್ನು ಕಿವಿಗೆ ಒತ್ತಿಕೊಂಡ. ಎಷ್ಟು ಉದ್ದದ ಮಾತಿಗೆ ಎಷ್ಟು ಉಸಿರು ಬೇಕು ಎನ್ನುವುದು ಅವನ ಹೊಟ್ಟೆಪಾಡು. ಅಕ್ಕ ಒಂದೊಂದು ಮಾತಿಗೂ ನಿಂತು, ಗಾಳಿ ಎಳೆದುಕೊಂಡು, ಮುಂದಿನ ಮಾತಿಗೆ ಹೋಗುತ್ತಿದ್ದಳು. ಮೆಟ್ಟಿಲು ಹತ್ತಿ ಬಂದವಳಲ್ಲ, ಮಲಗಿಕೊಂಡೇ ಇದ್ದವಳು.

"ಅ… ಅಕ್ಕಾ, ಆ… ಆ… ಆ…" ಆಸ್ಪತ್ರೆ ಎನ್ನುವ ಮಾತು ಗಂಟಲಲ್ಲೇ ಹೂತುಹೋಯಿತು. ಫೋನ್ ಇಟ್ಟುಬಿಟ್ಟ. ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಬರೆದ, ಒಮ್ಮೆ ಮನಸ್ಸಿನಲ್ಲೇ ಓದಿಕೊಂಡ, ಮತ್ತೆ ಫೋನ್ ಮಾಡಿದ.

"ಅಕ್ಕಾ, ನಿನ್ನ ಉಸಿರಾಟದಲ್ಲಿ ತೊಂದರೆ ಕಾಣುತ್ತಿದೆ. ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೊರಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ." ಎಲ್ಲೂ ತಡೆಯಲಿಲ್ಲ. ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಕೆಟ್ಟದಾಯಿತು.

ಆ ಕಡೆಯಿಂದ ಸಣ್ಣ ನಗು, ಅದರ ಬೆನ್ನಿಗೇ ಕೆಮ್ಮು. "ಇದೂ… ಓದಿದ್ದಾ… ಪುಟ್ಟಾ?" ಎಂದಳು ಅಕ್ಕ. "ಬೆಳಗ್ಗೆ ಗಾಡೀಲಿ… ಮನೇಲಿರಿ ಅಂತೀಯ. ಸಂಜೆ ಟೀವೀಲಿ… ಆಸ್ಪತ್ರೆಗೆ ಹೋದೋರು… ಬರಲ್ಲ ಅಂತೀಯ. ಎರಡೂ ಸೇರಿಸಿದ್ರೆ… ನಾನು ಎಲ್ಲಿರ್ಬೇಕು… ಹೇಳು? ಇಲ್ಲೇ ತಾನೆ? ಈಗ ಇದೊಂದು… ಮೂರನೇದು. ಮೂರೂ… ಒಂದೇ ಥರಾ ಇದೆಯಲ್ಲೋ."

ಭಾವ ಫೋನ್ ಕಿತ್ತುಕೊಂಡ. "ನೋಡಯ್ಯಾ, ಸರ್ಕಾರದೋರು ಮುಚ್ಚಿಡ್ತಾರೆ, ಟೀವಿಯೋರು ಉಬ್ಬಿಸ್ತಾರೆ. ಇಬ್ಬರ ಮಧ್ಯೆ ನಿಜ ಅನ್ನೋದು ಎಲ್ಲಿದೆಯೋ ಆ ದೇವರಿಗೇ ಗೊತ್ತು. ಅಲ್ಲೀವರೆಗೂ ನನ್ನ ಹೆಂಡ್ತೀನ ನಾನು ಎಲ್ಲಿಗೂ ಕಳಿಸಲ್ಲ. ಹೆಣ ಕೂಡ ಕೊಡಲ್ಲವಂತೆ ಅಲ್ಲಿ, ನೀನೇ ಹೇಳಿದ್ದು!" ಅವನ ದನಿ ಒಡೆಯಿತು. ಬೈಗುಳದ ಹಿಂದೆ ಕೂತಿದ್ದದ್ದು ಹೆದರಿಕೆ, ಬರೀ ಹೆದರಿಕೆ. "ಸುಮ್ನೆ ಅವಳನ್ನ ಮಾತಾಡಿಸಿ ಸುಸ್ತು ಮಾಡ್ಬೇಡ," ಎಂದು ಇಟ್ಟ.

ಕಂಚು ಮತ್ತೆ ಮಾಡಿದ. "ನೀವು ಕರೆ ಮಾಡಿದವರು ಸದ್ಯಕ್ಕೆ ಸಿಗುತ್ತಿಲ್ಲ," ಎಂದು ಅವನದೇ ಸ್ವರ ಅವನ ಕಿವಿಗೆ ಹೇಳಿತು. ಮತ್ತೆ ಮಾಡಿದ. ಮತ್ತೆ ಅದೇ ಸ್ವರ, ಅದೇ ತಾಳ್ಮೆ. ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು.

ಆಂಬುಲೆನ್ಸಿನವರಿಗೆ ಫೋನ್ ಮಾಡಿದ. ಕಾಗದವಿಲ್ಲದೆ ಮಾತಾಡಿದ್ದಕ್ಕೆ, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಬೈದು ಇಟ್ಟರು. ಬರೆದುಕೊಂಡು ಓದಿದ್ದಕ್ಕೆ, ಇದ್ಯಾವುದೋ ರೆಕಾರ್ಡಿಂಗ್ ಎಂದುಕೊಂಡು ಇಟ್ಟರು. ಎಂಥ ಕರ್ಮ ನೋಡಿ! ಬಾಯಿ ಮಾರಿಕೊಂಡು ಬದುಕಿದವನಿಗೆ, ಬೇಕಾದ ಹೊತ್ತಿಗೆ ಬಾಯೇ ಇರಲಿಲ್ಲ.

ಬೈಕು ಹತ್ತಿ ಹೊರಟ. ಅಕ್ಕನ ಬೀದಿಯ ಬಾಯಿಗೆ ಕಬ್ಬಿಣದ ತಡೆ ಅಡ್ಡ ಇಟ್ಟಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಪೊಲೀಸಿನವನು ಕಾಲನ್ನೂ ಕೆಳಗಿಳಿಸಲಿಲ್ಲ.

"ಅಕ್ಕನೋ ತಂಗಿನೋ, ಬೀದಿ ಬಂದ್ ಅಂದ್ರೆ ಬಂದ್. ಒಳಗಿರೋರು ಒಳಗೆ, ಹೊರಗಿರೋರು ಹೊರಗೆ. ಪ್ರಚಾರದ ಗಾಡಿ ಬಿಟ್ರೆ ನೊಣ ಕೂಡ ಬಿಡೋ ಹಾಗಿಲ್ಲ."

ಪ್ರಚಾರದ ಗಾಡಿ! ಕಂಚು ಬೈಕು ತಿರುಗಿಸಿದ. ಇಲಾಖೆಯ ಹಿಂದಿನ ಅಂಗಳದಲ್ಲಿ ಗಾಡಿ ನೆರಳಿಗೆ ನಿಂತಿತ್ತು. ಅದರ ಚಾಲಕ ವಯಸ್ಸಾದವನು, ವರ್ಷಗಟ್ಟಲೆ ಧ್ವನಿವರ್ಧಕದ ಕೆಳಗೆ ಕೂತು ಒಂದು ಕಿವಿ ಪೂರ್ತಿ ಹೋಗಿತ್ತು. ಎಲ್ಲರೂ ಡ್ರೈವರಣ್ಣ ಅನ್ನುತ್ತಿದ್ದರು. ಕಂಚು ಅವನ ಒಳ್ಳೆಯ ಕಿವಿಯ ಕಡೆ ಬಗ್ಗಿ ಹೇಳತೊಡಗಿದ. ಅಕ್ಕ ಎನ್ನುವುದಷ್ಟೇ ಹೊರಗೆ ಬಂತು, ಉಳಿದದ್ದಕ್ಕೆ ಕೈ ಎದೆಯ ಮೇಲೆ ಇಟ್ಟುಕೊಂಡು ಉಸಿರೆಳೆದು ತೋರಿಸಿದ. ಡ್ರೈವರಣ್ಣ ಅವನ ಮುಖವನ್ನೇ ನೋಡಿ, ಬಾಯಲ್ಲಿದ್ದ ಬೀಡಿ ಉಗಿದ.

"ಹತ್ತು," ಎಂದ.

ದಾರಿಯುದ್ದಕ್ಕೂ ತಲೆಯ ಮೇಲೆ ಕಂಚಿನದೇ ಸ್ವರ ಮೊಳಗುತ್ತಿತ್ತು. ಆತಂಕ ಬೇಡ, ಆತಂಕ ಬೇಡ. ಕೆಳಗೆ ಕೂತ ಕಂಚು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದ. ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಅಕ್ಷರಗಳು ಎಗರುತ್ತಿದ್ದವು. ಈ ಸಲ ಇನ್ನೂ ಚೆನ್ನಾಗಿ ಬರೆಯಬೇಕು, ಯಾರೂ ತಿರುಗಿ ಮಾತಾಡದ ಹಾಗೆ ಬರೆಯಬೇಕು ಎಂದುಕೊಂಡ. ಇಷ್ಟೆಲ್ಲ ಆದರೂ ಬುದ್ಧಿ ಬಂದಿರಲಿಲ್ಲ ಪುಣ್ಯಾತ್ಮನಿಗೆ.

ಪೊಲೀಸಿನವನು ಗಾಡಿ ನೋಡಿ ತಡೆ ಸರಿಸಿದ. ಬೀದಿ ಇಕ್ಕಟ್ಟು. ಎರಡೂ ಕಡೆ ಮೈಗೆ ಮೈ ತಾಗಿಸಿಕೊಂಡು ನಿಂತ ಮಹಡಿ ಮನೆಗಳು, ಬಾಲ್ಕನಿಗಳಲ್ಲಿ ಒಣಗಿ ಕಡ್ಡಿಯಾದ ಬಟ್ಟೆಗಳು, ಬಾಗಿಲುಗಳೆಲ್ಲ ಮುಚ್ಚಿದ್ದವು. ಗಡಿಯಾರದ ಅಂಗಡಿಯ ಮುಂದೆ ಗಾಡಿ ನಿಂತಿತು. ಡ್ರೈವರಣ್ಣ ರೆಕಾರ್ಡಿಂಗ್ ನಿಲ್ಲಿಸಿ ಮೈಕು ಕೈಗೆ ಕೊಟ್ಟ.

ಕಂಚು ಕಾಗದ ಬಿಡಿಸಿ ಓದಿದ. "ಈ ಮನೆಯ ಮಹಡಿಯಲ್ಲಿರುವ ನನ್ನ ಪ್ರೀತಿಯ ಸೋದರಿಯೇ, ದಯವಿಟ್ಟು ಗಮನಿಸು. ನಿನ್ನ ಆರೋಗ್ಯದ ದೃಷ್ಟಿಯಿಂದ ಕೂಡಲೇ ಕೆಳಗಿಳಿದು ಬರಬೇಕಾಗಿ ವಿನಂತಿ."

ಎದುರು ಮನೆಯಲ್ಲಿ ಯಾರೋ ಕಿಟಕಿ ದಢಾರನೆ ಮುಚ್ಚಿದರು. "ಬೆಳಗಾದ್ರೆ ಇದೇ ಗೋಳು," ಎಂದು ಒಳಗಿಂದ ಒಂದು ಗೊಣಗು. ಮಹಡಿಯ ಮೇಲೆ ಪರದೆ ಅಲುಗಿತು, ಭಾವನ ಕೈ ಕಾಣಿಸಿತು, ಪರದೆ ಮತ್ತೆ ಮುಚ್ಚಿತು. ಬಾಗಿಲು ತೆರೆಯಲಿಲ್ಲ.

ಕಂಚು ಇನ್ನೊಮ್ಮೆ ಓದಿದ, ಇನ್ನೂ ಭಾವ ತುಂಬಿ. ಬಾಗಿಲು ತೆರೆಯಲಿಲ್ಲ. ತನ್ನ ಸ್ವರ ಗೋಡೆಗಳಿಗೆ ಬಡಿದು ಹಿಂದಿರುಗಿ ಬಂದದ್ದನ್ನು ಅವನೇ ಕೇಳಿಸಿಕೊಂಡ. ಬಸ್ಸು ಹೊರಡುತ್ತದೆ ಎಂದು ಹೇಳಿದ್ದ ಸ್ವರ, ಸಾಬೂನು ಕೊಳ್ಳಿ ಎಂದಿದ್ದ ಸ್ವರ. ಅವನೇ ಮೇಲೆ ಮಲಗಿದ್ದರೂ ಅದನ್ನು ನಂಬಿ ಇಳಿದು ಬರುತ್ತಿರಲಿಲ್ಲ. ಕಾಗದವನ್ನು ಮುದುರಿ ಕೆಳಗೆ ಎಸೆದ. ಕಣ್ಣು ಮುಚ್ಚಿಕೊಂಡು ಮೈಕನ್ನು ಬಾಯಿಗೆ ಹಿಡಿದ.

"ಅ… ಅ… ಅ… ಅ…"

ಧ್ವನಿವರ್ಧಕ ಅದನ್ನು ಬೀದಿಯ ಆ ಕೊನೆಯವರೆಗೂ ಎಸೆಯಿತು. ಯಾವುದೋ ತಾರಸಿಯ ಮೇಲೆ ಕಿಸಕ್ಕನೆ ನಗು ಎದ್ದಿತು. ಮುಚ್ಚಿದ್ದ ಕಿಟಕಿಗಳು ತೆರೆದವು, ಫೋನುಗಳು ಹೊರಗೆ ಬಂದವು.

"ಅ… ಅಕ್ಕಾ. ನಾ… ನಾನು. ಗಾ… ಗಾಡೀಲಿ ಒಂದು ಸಾ… ಸಾಲು ಹೊ… ಹೊಡೆದು ಹಾಕಿದಾರೆ. ಉ… ಉಸಿರು ಕ… ಕಟ್ಟಿದ್ರೆ ತ… ತಕ್ಷಣ ಆ… ಆಸ್ಪತ್ರೆಗೆ ಬ… ಬನ್ನಿ ಅಂತ ಇ… ಇತ್ತು. ನಂ… ನಂಗೆ ಗೊ… ಗೊತ್ತಿತ್ತು. ಗೊತ್ತಿದ್ದೂ ಓ… ಓದ್ಲಿಲ್ಲ." ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಭ… ಭಯ ಆಗ್ತಿದೆ ಅ… ಅಕ್ಕಾ. ನ… ನಂಗೆ ನಿ… ನಿ… ನಿ…"

ಅಲ್ಲಿ ಸಿಕ್ಕಿಕೊಂಡ. ಎಷ್ಟು ತಿಣುಕಿದರೂ ಮುಂದಿನದು ಬರಲಿಲ್ಲ.

ಆಗ ಮೇಲಿನಿಂದ ಟಕ್ ಎಂದು ಒಂದು ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಕಂಚು ಕಣ್ಣು ತೆರೆದ. ಅಕ್ಕ ಬಾಲ್ಕನಿಗೆ ಬಂದು ನಿಂತಿದ್ದಳು. ಕೂದಲು ಕೆದರಿತ್ತು, ತುಟಿ ಕಪ್ಪಿಟ್ಟಿತ್ತು, ಒಂದು ಕೈಯಿಂದ ಗಂಡನ ಭುಜ ಹಿಡಿದುಕೊಂಡಿದ್ದಳು. ಇನ್ನೊಂದು ಕೈಯಲ್ಲಿದ್ದ ಕತ್ತರಿಯ ಹಿಡಿಯಿಂದ ಕಬ್ಬಿಣದ ಕಂಬಿಯನ್ನು ತಟ್ಟುತ್ತಿದ್ದಳು. ಮಾತಾಡಲು ಅವಳಲ್ಲಿ ಉಸಿರಿರಲಿಲ್ಲ.

ಟಕ್. "ನಂಗೆ," ಎಂದ ಕಂಚು. ಟಕ್. "ನೀನು." ಟಕ್. "ಬೇಕು."

ಅವಳು ತಲೆಯಾಡಿಸಿದಳು. ಭಾವ ಅವಳನ್ನು ಎತ್ತಿಕೊಂಡೇ ಮೆಟ್ಟಿಲು ಇಳಿದ.

ಗಾಡಿಯಲ್ಲೇ ಆಸ್ಪತ್ರೆಗೆ ಹೋದರು. ಧ್ವನಿವರ್ಧಕದ ಪೆಟ್ಟಿಗೆಗಳ ನಡುವೆ ಅಕ್ಕ ತಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಎದೆ ಏರುವುದನ್ನೇ ನೋಡುತ್ತಿದ್ದ ಕಂಚು. ಇಳಿದ ಮೇಲೆ ಮತ್ತೆ ಏರುವವರೆಗೆ ಅವನೂ ಉಸಿರು ಬಿಗಿಹಿಡಿಯುತ್ತಿದ್ದ. ಹಾಸಿಗೆ ನಿಜವಾಗಿಯೂ ಇರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಮಲಗಿಸಿ, ಮೂಗಿಗೆ ಆಕ್ಸಿಜನ್ ಕೊಟ್ಟು, ಆಮೇಲೆ ಬೆಂಚಿನ ಸಮೇತ ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ತುಂಬ ಹೊತ್ತಿನ ಮೇಲೆ ನರ್ಸ್ ಹೊರಗೆ ಬಂದಳು. "ಇನ್ನು ಸ್ವಲ್ಪ ತಡ ಆಗಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ. ಈಗಲೂ ನಾನು ಮಾತು ಕೊಡಲ್ಲ, ಇವತ್ತು ರಾತ್ರಿ ಕಳೀಲಿ. ಅಲ್ರೀ, ನೋಡೋಕೆ ಓದಿದೋರ ಥರಾ ಇದೀರಿ. ಮನೇಲೇ ಇಟ್ಕೊಳ್ಳಿ ಅಂತ ಯಾರು ನಿಮಗೆ ಹೇಳಿದ್ದು?"

ಭಾವ ನೆಲ ನೋಡಿದ.

"ನಾ… ನಾನು," ಎಂದ ಕಂಚು.

ನರ್ಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು.

ಕಾಯುವ ಜಾಗದ ಟೀವಿಯಲ್ಲಿ ಆಗಲೇ ಸುದ್ದಿ ಓಡುತ್ತಿತ್ತು. ತಾರಸಿಯಿಂದ ತೆಗೆದ ವಿಡಿಯೋ. ಗಾಡಿಯ ಮೇಲ್ಭಾಗ, ಧ್ವನಿವರ್ಧಕ, ಅ… ಅ… ಎನ್ನುವ ಸದ್ದು. ಕೆಳಗೆ ಕೆಂಪಕ್ಷರ: ಸರ್ಕಾರಿ ಗಾಡಿ ಹತ್ತಿ ಗಾಬರಿ ಹಬ್ಬಿಸಿದ ಆಗಂತುಕ! ಕಂಚಿನ ಫೋನ್ ಹೊಡೆದುಕೊಂಡಿತು. ಸಂಪಾದಕಿ.

"ಕಂಚು ಅವ್ರೇ, ಎಲ್ಲಿದೀರಿ? ಯಾವನೋ ಉಗ್ಗ ಗಾಡಿ ಹತ್ತಿ ಕೂಗಾಡಿದಾನೆ. ಒಳ್ಳೇ ಸುದ್ದಿ, ನಿಮ್ಮ ಸ್ವರ ಬೇಕೇ ಬೇಕು, ಬೇಗ ಬನ್ನಿ!"

"ಅ… ಅದು ನಾ… ನಾನು."

"ಅಯ್ಯೋ ದೇವ್ರೇ," ಎಂದಳು. ಆಮೇಲೆ ಅವಳ ದನಿ ಅರಳಿತು. "ಹಾಗಾದ್ರೆ ಇನ್ನೂ ಒಳ್ಳೇದಾಯ್ತು! ಆಸ್ಪತ್ರೇಲಿ ತಾನೆ? ಅಲ್ಲೇ ಇರಿ, ಕ್ಯಾಮರಾ ಕಳಿಸ್ತೀನಿ. ಅಕ್ಕ ಹೇಗಿದಾರೆ, ಏನಾದ್ರೂ… ಸೀರಿಯಸ್ಸಾ?"

ಕಂಚು ಇಟ್ಟುಬಿಟ್ಟ. ಇಟ್ಟ ಕೂಡಲೇ ಅಧಿಕಾರಿಯ ಕರೆ. ಅವರು ಕೂಗಾಡಲಿಲ್ಲ, ಸುಸ್ತಾದ ದನಿಯಲ್ಲೇ ಹೇಳಿದರು. "ನಾಳೆಯಿಂದ ಬರೋದು ಬೇಡ ಬಿಡಿ."

"ಸಾರ್, ಆ ಸಾ… ಸಾಲು ವಾ… ವಾಪಸ್ ಹಾ… ಹಾಕಿ. ಬೇ… ಬೇರೆಯೋರ ಹತ್ರ ಓ… ಓದ್ಸಿ."

"ಬೇರೆಯೋರು ಯಾಕ್ರೀ? ನಿಮ್ಮ ರೆಕಾರ್ಡಿಂಗ್ ನಮ್ಮ ಹತ್ರ ಇದೆಯಲ್ಲ. ಅದೇ ಸಾಕು."

ಗಾಳಿ ಬೇಕೆನಿಸಿ ಕಂಚು ಆಸ್ಪತ್ರೆಯ ಗೇಟಿಗೆ ಬಂದ. ಬಿಸಿಲು ಇಳಿದಿತ್ತು. ಒಬ್ಬ ಹೆಂಗಸು ತನ್ನ ತಂದೆಯನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಒಳಗೆ ಓಡುತ್ತಿದ್ದಳು. ಮುದುಕನ ಒಂದು ಕೈ ಗಾಡಿಯಿಂದ ಹೊರಗೆ ಜೋತಾಡುತ್ತಿತ್ತು. "ಮನೇಲೇ ಇರಿ ಅಂದ್ರು, ಮನೇಲೇ ಇಟ್ಕೊಂಡಿದ್ವಿ," ಎಂದು ಅವಳು ಯಾರಿಗೆಂದಿಲ್ಲದೆ ಹೇಳುತ್ತಲೇ ಇದ್ದಳು. ಕಂಚು ಮುಖ ತಿರುಗಿಸಿದ. ತಿರುಗಿಸಿದ ಕಡೆ, ಮುಂದಿನ ಬಡಾವಣೆಯಲ್ಲಿ, ಇಲಾಖೆಯ ಇನ್ನೊಂದು ಗಾಡಿ ಸುತ್ತುತ್ತಿತ್ತು. ಗಾಳಿಯಲ್ಲಿ ಅವನದೇ ಸ್ವರ ತೇಲಿ ಬಂತು, ಎಲ್ಲೂ ತಡವರಿಸದೆ, ಎಲ್ಲೂ ಉಸಿರು ಕಟ್ಟದೆ. ಆತಂಕ ಬೇಡ.

ಹಿಂದೆ ಹೋಗಿ ಬಾಗಿಲ ಬಳಿ ಕೂತು ಕಾಯೋಣವೇ? ಅಕ್ಕ ಎದ್ದರೆ ಮೊದಲು ಅವನನ್ನೇ ಕೇಳುತ್ತಾಳೆ. ಏಳದಿದ್ದರೆ? ಭಾವ ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದ. ಆ ಸ್ವರವನ್ನು ಅವನೂ ಕೇಳಿಸಿಕೊಳ್ಳುತ್ತಿದ್ದ.

"ನಾನಿರ್ತೀನಿ ಇಲ್ಲಿ," ಎಂದ ಭಾವ. "ಮೊದಲು ಹೋಗಿ ಆ ಗಾಡೀಲಿ ಕೂಗ್ತಿರೋನ ಬಾಯಿ ಮುಚ್ಚಿಸು."

ಡ್ರೈವರಣ್ಣ ಗಾಡಿಗೆ ಒರಗಿ ನಿಂತಿದ್ದ. ಕಂಚು ಬಂದದ್ದು ನೋಡಿ ಜೇಬು ತಟ್ಟಿಕೊಂಡ. "ಪೆನ್‌ಡ್ರೈವ್ ಎಲ್ಲೋ ಬಿದ್ದೋಯ್ತು ಕಣಪ್ಪಾ. ವಯಸ್ಸಾಯ್ತಲ್ಲ. ಅವರು ಗಾಡಿ ಕಿತ್ಕೊಳ್ಳೋಕೆ ಬರೋ ತನಕ ಒಂದಿಷ್ಟು ಬೀದಿ ಆಗುತ್ತೆ. ಏನಂತೀಯ?"

ಕಂಚು ಹತ್ತಿ ಕೂತ. ಜೇಬಿಗೆ ಕೈ ಹೋಯಿತು, ಅಲ್ಲಿ ಪೆನ್ನು ಇತ್ತು. ಪೆನ್ನನ್ನು ಅಲ್ಲೇ ಬಿಟ್ಟ. ಮೊದಲ ಬೀದಿಗೆ ತಿರುಗುತ್ತಲೇ ಮೈಕು ಎತ್ತಿಕೊಂಡು, ಎಡಗೈಯಿಂದ ಮೊಣಕಾಲನ್ನು ತಾನೇ ತಟ್ಟಿಕೊಂಡ.

"ಉ… ಉ… ಉ…"

ಮಾತು ಇನ್ನೂ ಬಂದಿರಲಿಲ್ಲ. ಎರಡನೇ ಮಹಡಿಯಲ್ಲಿ ಒಂದು ಕಿಟಕಿ ತೆರೆಯಿತು.